ಓದುಗರ ಪ್ರಶ್ನೆ: ಅಜ್ಜನ ರೈಫಲ್‌ಗೆ ಈಗಿನ ಕಾಡತೂಸು ಹಾಕಬಹುದೇ?

ಹಳೆಯ ವಾಡೆಗಳ ಅಟ್ಟದಲ್ಲಿ, ಗೋಡೆಯ ಗೂಟದಲ್ಲಿ, ಟ್ರಂಕಿನ ತಳದಲ್ಲಿ ಉಳಿದುಬಂದ ಬಂದೂಕುಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮುತ್ತಜ್ಜನವರ ರೈಫಲ್ ಒಂದಿದೆ. ಹಿತ್ತಾಳೆ ಬಣ್ಣದ ಮೈ, ಕೆಳಗೆ ಲಿವರ್, ನಳಿಗೆಯ ಮೇಲೆ ವಿಂಚೆಸ್ಟರ್ ಎಂಬ ಅಚ್ಚು. ಬಲ್ಲವರೊಬ್ಬರು ಇದು 1866ರ ಮಾದರಿ, ರಿಮ್‌ಫೈರ್ ಕಾಡತೂಸಿನದು ಎಂದರು. ಆ ಕಾಡತೂಸು ಎಲ್ಲಿಯೂ ಸಿಗುತ್ತಿಲ್ಲ. ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವ ಪರಿಚಯದವರು, ‘ಪಿನ್ ನಡುವಿಗೆ ತಂದರೆ ಸಾಕು, ಈಗಿನ ಸೆಂಟರ್‌ಫೈರ್ ಹೊಡೆಯುತ್ತದೆ’ ಎನ್ನುತ್ತಾರೆ. ಮಾಡಿಸಬಹುದೇ? — ಬೈಲಹೊಂಗಲ

ಉತ್ತರ: ಮಾಡಿಸಬೇಡಿ. ಪಿನ್ ನಡುವಿಗೆ ತಂದ ಮಾತ್ರಕ್ಕೆ ಮುಗಿಯುವ ಕೆಲಸ ಇದಲ್ಲ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ರಿಮ್‌ಫೈರ್ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಪಿನ್ ಆ ಅಂಚನ್ನು ಜಜ್ಜಬೇಕು, ಹೊತ್ತಿಕೊಳ್ಳಬೇಕು. ಜಜ್ಜಿಸಿಕೊಳ್ಳಲು ಅಂಚು ತೆಳ್ಳಗೇ ಇರಬೇಕಾಗುತ್ತದೆ. ಅಂಚು ತೆಳ್ಳಗಿದ್ದ ಮೇಲೆ ಒಳಗಿನ ಒತ್ತಡಕ್ಕೂ ಒಂದು ಮಿತಿ ಬಂತು. ಆ ಮಿತಿಯನ್ನು ನೋಡಿಕೊಂಡೇ ಇಡೀ ರೈಫಲನ್ನು ಕಟ್ಟಿರುತ್ತಾರೆ. ಸೆಂಟರ್‌ಫೈರ್‌ನಲ್ಲಿ ತಳದ ನಡುವೆ ಕಿಡಿ ಹೊತ್ತಿಸುವ ಮದ್ದಿಗೆ ಬೇರೆಯದೇ ಒಂದು ಬಟ್ಟಲು, ಅಂದರೆ ಪ್ರೈಮರ್, ಇರುತ್ತದೆ, ಸುತ್ತಲಿನ ತಳ ದಪ್ಪ. ಆದ್ದರಿಂದ ಅದು ಬಹಳ ಹೆಚ್ಚಿನ ಒತ್ತಡ ತಡೆಯುತ್ತದೆ. ಕಾಡತೂಸು ತಡೆದರೂ ಬಂದೂಕು ತಡೆಯಬೇಕಲ್ಲ!

ನಿಮ್ಮ 1866ರ ಮಾದರಿಯ ಮೈ ಉಕ್ಕಿನದಲ್ಲ, ಗನ್‌ಮೆಟಲ್, ಅಂದರೆ ತಾಮ್ರದ ಮಿಶ್ರಲೋಹ. ಕಾಡತೂಸನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟನ್ನು ಹಿಡಿದಿಡುವುದು ಮೊಣಕಾಲಿನಂತೆ ಮಡಚುವ ಎರಡು ಕೊಂಡಿಗಳು. ಗುಂಡು ಹಾರುವಾಗಿನ ಒದೆತವೆಲ್ಲ ಆ ಕೊಂಡಿಗಳ ಸಣ್ಣ ಪಿನ್ನುಗಳ ಮೇಲೆ ಬೀಳುತ್ತದೆ. ಇದನ್ನು ಮಾಡಿದ್ದು .44 ಹೆನ್ರಿ ಕಾಡತೂಸಿಗೆ, ಅದರಲ್ಲಿದ್ದದ್ದು ಸುಮಾರು 28 ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಕಪ್ಪು ಮದ್ದು ಮಾತ್ರ. 1873ರಲ್ಲಿ ಅದೇ ಕಂಪನಿ 40 ಗ್ರೇನ್ ಮದ್ದಿನ ಸೆಂಟರ್‌ಫೈರ್ .44-40 ತಂದಾಗ, ಅದಕ್ಕೆ ಬೇರೆ ಅಳತೆಯ ಕಬ್ಬಿಣದ ಮೈಯನ್ನೇ ಮಾಡಿತು. ತಯಾರಿಸಿದವರಿಗೇ ಹಳೆಯ ಮೈ ಸಾಲದೆ ಹೋದ ಮೇಲೆ ಲೇಥ್‌ನಿಂದ ಏನಾದೀತು? ಇನ್ನು ಹೊಗೆಯಿಲ್ಲದ ಮದ್ದು ಬಂದದ್ದು 1884ರಲ್ಲಿ, ಪೌಲ್ ವೀಯೆ ಎಂಬ ಫ್ರೆಂಚ್ ರಸಾಯನ ತಜ್ಞನಿಂದ. ಈಗಿನ ಕಾಡತೂಸುಗಳಲ್ಲಿ ಬಹುತೇಕ ಇರುವುದು ಆ ಜಾತಿಯ ಮದ್ದೇ. ನಿಮ್ಮ ರೈಫಲ್‌ನ ವಿನ್ಯಾಸ ಅದನ್ನು ಕಂಡೇ ಇಲ್ಲ.

ಎರಡನೆಯ ತೊಡಕು ಗುಂಡಿನ ಅಳತೆಯದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ರಿಮ್‌ಫೈರ್ ಗುಂಡಿನ ಹೊರಮೈ ಕೇಸಿನ, ಅಂದರೆ ಮದ್ದು ತುಂಬಿದ ಲೋಹದ ಚಿಪ್ಪಿನ, ಹೊರಮೈಯಷ್ಟೇ ದಪ್ಪ. ಗುಂಡಿನ ಹಿಂಬದಿಯಲ್ಲಿ ಒಂದು ಸಣ್ಣ ಮೆಟ್ಟಿಲು ಕಡಿದು, ಆ ಕಿರಿದಾದ ಭಾಗವನ್ನಷ್ಟೇ ಕೇಸಿನೊಳಗೆ ತೂರಿಸಿರುತ್ತಾರೆ. ನಳಿಗೆ ಆ ದಪ್ಪಕ್ಕೆ ಕೊರೆದದ್ದು. ಸಾಮಾನ್ಯ ಸೆಂಟರ್‌ಫೈರ್ ಗುಂಡು ಇಡಿಯಾಗಿ ಕೇಸಿನೊಳಗೆ ಕೂರುವಂಥದ್ದು. ಅದೇ ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಗೂಡಿಗೆ) ಹೊಂದುವ ಕೇಸು ಮಾಡಿದರೆ ಒಳಗಿನ ಗುಂಡು ಸಣ್ಣದಾಗಿ ನಳಿಗೆಯಲ್ಲಿ ಸಡಿಲವಾಗಿ ಹೋಗುತ್ತದೆ. ಸುತ್ತಲಿನ ಸಂದಿಯಿಂದ ಬಿಸಿ ಗಾಳಿ ನುಗ್ಗಿ ನಳಿಗೆಯನ್ನು ತಿನ್ನುತ್ತದೆ, ಗುಂಡು ಎಲ್ಲಿಗೆ ಹೋಗುತ್ತದೆ ಎಂಬ ಭರವಸೆಯೂ ಇರುವುದಿಲ್ಲ. ದೊಡ್ಡ ಗುಂಡು ಹಾಕಲು ಚೇಂಬರ್ ಅಗಲಿಸಿದರೆ ಗೋಡೆ ತೆಳುವಾಗುತ್ತದೆ.

ಮೂರನೆಯದು ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಕಾಡತೂಸಿನ ಅಂಚು ಕೂರುವ ಜಾಗಕ್ಕೂ ನಡುವೆ ಇರುವ ಅಂತರ ಅದು. ಅಂಚಿನ ದಪ್ಪ ಕಾಡತೂಸಿನಿಂದ ಕಾಡತೂಸಿಗೆ ಬೇರೆ. ಅಂತರ ಹೆಚ್ಚಾದರೆ ಕೇಸು ಹಿಂದಕ್ಕೆ ಜಿಗಿದು ಹಿಗ್ಗಿ ಹರಿಯುತ್ತದೆ. ಹರಿದ ಕೇಸಿನಿಂದ ಬರುವ ಬೆಂಕಿಗೆ ದಾರಿ ಹಿಂದಕ್ಕೇ, ಅಂದರೆ ಕೆನ್ನೆ ಇಟ್ಟವನ ಕಣ್ಣಿಗೆ. ಬೋಲ್ಟಿನ ಹಳೆಯ ತೂತಿಗೆ ಬೆಸುಗೆ ತುಂಬಿ ಹೊಸದು ಕೊರೆದರೆ ಅಲ್ಲಿಯ ಲೋಹ ಕಾದು ಅದರ ಗಡಸುತನ ಹೋಗುತ್ತದೆ. ಮೊದಲ ಹತ್ತು ಗುಂಡು ಚೆನ್ನಾಗಿ ಹೊಡೆದು ಹನ್ನೊಂದನೆಯದಕ್ಕೆ ಬಾಯಿಬಿಡುವುದು ಇಂಥಲ್ಲಿಯೇ.

ಬೋಲ್ಟನ್ನು ಮುಂದಿನಿಂದ ನೋಡಿದರೆ, 1866ರ ಪಿನ್‌ಗೆ ಒಂದಲ್ಲ ಎರಡು ಹಲ್ಲುಗಳಿವೆ, ಅಂಚನ್ನು ಎರಡು ಕಡೆ ಒಟ್ಟಿಗೆ ಹೊಡೆಯಲೆಂದು. ಆಗಿನ ಕಾಡತೂಸಿನ ಅಂಚಿನಲ್ಲಿ ಮದ್ದು ಸಮನಾಗಿ ಹರಡಿರುತ್ತದೆಂಬ ಖಾತ್ರಿ ಇರಲಿಲ್ಲ. ಒಂದು ಹಲ್ಲಿಗೆ ಹೊತ್ತದಿದ್ದರೆ ಇನ್ನೊಂದಕ್ಕೆ ಹೊತ್ತಲಿ ಎಂಬ ಯೋಚನೆ ಅದು. ಅರವಿನಿಂದ ಆ ಹಲ್ಲುಗಳನ್ನು ತೆಗೆದ ಮೇಲೆ ಆ ಕಾಲದ ಕೆಲಸಗಾರನ ಬುದ್ಧಿಯ ಸಾಕ್ಷಿ ಅಲ್ಲಿಗೆ ಮುಗಿಯಿತು, ಮತ್ತೆ ತರಲಾಗದು.

ಪ್ರಶ್ನೆ: ಕಾನೂನು ಏನು ಹೇಳುತ್ತದೆ? ಲೈಸೆನ್ಸ್ ನಮ್ಮ ತಂದೆಯವರ ಹೆಸರಿನಲ್ಲಿತ್ತು, ಅವರು ತೀರಿಕೊಂಡಿದ್ದಾರೆ. ನಮ್ಮಲ್ಲಿ ಇನ್ನೊಂದು ಬಂದೂಕಿಗೆ ಕಾಗದವೇ ಇಲ್ಲ. — ಜಮಖಂಡಿ

ಉತ್ತರ: ಮೊದಲು ಮಾರ್ಪಾಡಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು, ಮಾರ್ಪಡಿಸಲು, ರಿಪೇರಿ ಮಾಡಲು ಕೂಡ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರುವ ಲೈಸೆನ್ಸ್ ಇಟ್ಟುಕೊಳ್ಳಲಿಕ್ಕೆ ಮಾತ್ರ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ತಯಾರಿಸಿದ, ಮಾರ್ಪಡಿಸಿದ ಅಪರಾಧಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಲೇಥ್‌ನವರೂ, ಮಾಡಿಸಿದವರೂ ಇಬ್ಬರೂ ಸಿಕ್ಕಿಬೀಳುತ್ತಾರೆ.

ತಂದೆಯವರ ಬಂದೂಕು: ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಆ ಲೈಸೆನ್ಸ್ ಮನೆಯವರಿಗೆ ತಾನಾಗಿ ಬರುವುದಿಲ್ಲ. 21ನೇ ಕಲಂ ಪ್ರಕಾರ ಬಂದೂಕನ್ನು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ತಡಮಾಡದೆ ಜಮಾ ಮಾಡಿ ರಸೀದಿ ತೆಗೆದುಕೊಳ್ಳಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಹಳೆಯ ಲೈಸೆನ್ಸ್ ಪುಸ್ತಕ ಜೊತೆಗಿರಲಿ. ಅಣ್ಣತಮ್ಮಂದಿರ ಒಪ್ಪಿಗೆ ಪತ್ರಕ್ಕೇ ಹೆಚ್ಚಿನ ಅರ್ಜಿಗಳು ನಿಲ್ಲುತ್ತವೆ, ಅದನ್ನು ಮೊದಲು ಮಾಡಿಸಿಕೊಳ್ಳಿ. ನಿಮಗೆ ಅರ್ಜಿ ಕೊಡುವ ಕಡೆ ಜಿಲ್ಲಾ ದಂಡಾಧಿಕಾರಿಗಳ ಕಚೇರಿ. ಒಬ್ಬರಿಗೆ ಈಗ ಎರಡೇ ಬಂದೂಕಿನ ಮಿತಿ, ಮೊದಲು ಮೂರಿತ್ತು.

ಕಾಗದವಿಲ್ಲದ್ದನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಠಾಣೆಗೆ ಒಯ್ಯಬೇಡಿ. ಲೈಸೆನ್ಸ್ ಇಲ್ಲದೆ ಒಯ್ಯುವುದೇ ಅಪರಾಧ. ಫೋಟೊ ಹಚ್ಚಿ, ‘ಹಿರಿಯರ ವಸ್ತುಗಳಲ್ಲಿ ಸಿಕ್ಕಿದೆ, ಪರಿಶೀಲಿಸಿ’ ಎಂದು ಠಾಣಾಧಿಕಾರಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಅವರೇ ಬರಲಿ, ಅಥವಾ ತರಲು ಲಿಖಿತವಾಗಿ ಹೇಳಲಿ. ಒಬ್ಬ ವಕೀಲರ ಸಲಹೆ ಪಡೆದೇ ಪತ್ರ ಬರೆಯುವುದು ಒಳ್ಳೆಯದು.

‘ಹಳೇದು, ಲೈಸೆನ್ಸ್ ಬೇಡ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. 45ನೇ ಕಲಂ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ, ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ಹಳೆಯ ಶಸ್ತ್ರಕ್ಕೆ. ಸ್ಪ್ರಿಂಗ್ ಮುರಿದಿದೆ ಎಂಬುದು ಸಾಲದು, ಸ್ಪ್ರಿಂಗ್ ಹಾಕಿದರೆ ಹೊಡೆಯುತ್ತದಲ್ಲ. 2020ರ ತಿದ್ದುಪಡಿ ನಿಯಮಗಳು ‘ಕ್ಯೂರಿಯೋ’ ವರ್ಗದ ಸಣ್ಣ ಶಸ್ತ್ರಗಳನ್ನು ಇಟ್ಟುಕೊಳ್ಳಲು ಭಾರತೀಯ ನಾಗರಿಕರಿಗೆ ಲೈಸೆನ್ಸ್ ಬೇಡ ಎಂದಿವೆ. ಆದರೆ ಬಳಸಲು, ಒಯ್ಯಲು ಲೈಸೆನ್ಸ್ ಬೇಕೇ ಬೇಕು. ನಿಮ್ಮದು ಆ ವರ್ಗಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಅಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ಕಡೆಯವರಿಗೆ ಇಲ್ಲ.

ನಮ್ಮ ಸೀಮೆಗೆ ಈ ಕಾನೂನಿನ ನೆನಪು ಹಳೆಯದು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರೆಂದು ಹೊರಡಿಸಿದ ಹುಕುಮನ್ನು ಧಿಕ್ಕರಿಸಿ ಪ್ರಾಣ ಕೊಟ್ಟವರು ಮುಧೋಳ ಹತ್ತಿರದ ಹಲಗಲಿಯ ಬೇಡರು. ಮನೆಯ ಬಂದೂಕಿನ ಬಗ್ಗೆ ಇಲ್ಲಿಯವರಿಗೆ ಇಷ್ಟು ಮಮತೆ ಇರುವುದು ಸಹಜ. ಆ ಮಮತೆ ಕಾಗದ ಸರಿ ಮಾಡಿಸುವುದರಲ್ಲಿಯೂ ಇರಲಿ.

ಪ್ರಶ್ನೆ: ಕೇಪು ಹಚ್ಚಿ ಹೊಡೆಯುವ ಬಂದೂಕು ನಮ್ಮಲ್ಲಿದೆ. ಒಳಗೆ ಮದ್ದು ತುಂಬಿದೆಯೋ ಇಲ್ಲವೋ ತಿಳಿಯುವುದು ಹೇಗೆ? — ರಾಮದುರ್ಗ

ಉತ್ತರ: ತುಂಬಿದೆ ಎಂದೇ ತಿಳಿದು ನಡೆಯಿರಿ. ಹಂದಿ ಬಂದರೆ ಇರಲಿ ಎಂದು ತುಂಬಿಟ್ಟು ಮರೆತ ಬಂದೂಕುಗಳು ಎಷ್ಟೋ. ಒಣಗಿದ ಕಪ್ಪು ಮದ್ದು ನೂರು ವರ್ಷ ಕಳೆದರೂ ಸಾಯುವುದಿಲ್ಲ.

ಮೊದಲು ನಿಪ್ಪಲ್ (ಕೇಪು ಕೂರಿಸುವ ಸಣ್ಣ ಮೊಳೆಯಂಥ ಕೊಳವೆ) ಮೇಲೆ ಕೇಪು ಇದೆಯೇ ನೋಡಿ. ಇದ್ದರೆ ಅದನ್ನು ಚಾಕುವಿನಿಂದ ಎಬ್ಬಿಸಬೇಡಿ, ಹ್ಯಾಮರ್ ಮುಟ್ಟಬೇಡಿ, ಅಲ್ಲಿಗೆ ನಿಲ್ಲಿಸಿ ಪೊಲೀಸರಿಗೆ ತಿಳಿಸಿ. ಕೇಪು ಇಲ್ಲದಿದ್ದರೆ ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ನಿಮ್ಮ ತಲೆ, ಕೈ ಬಾಯಿಯ ನೇರಕ್ಕೆ ಬಾರದಂತೆ ಪಕ್ಕದಲ್ಲಿ ನಿಂತು, ಒಂದು ನೇರವಾದ ಕಟ್ಟಿಗೆಯ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಕಬ್ಬಿಣದ ಸಲಾಕೆ ಬೇಡ, ಕಿಡಿ ಹಾರೀತು. ಕೋಲು ನಿಂತಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕೋಲಿನ ತುದಿ ನಿಪ್ಪಲ್ ಬುಡದ ಹತ್ತಿರ ಬಂದರೆ ಖಾಲಿ. ಒಂದೆರಡು ಇಂಚು ಮೊದಲೇ ನಿಂತರೆ ಏನೋ ಇದೆ: ಮದ್ದು, ಗುಂಡು, ಇಲ್ಲವೇ ಕಣಜದ ಗೂಡು. ಯಾವುದೆಂದು ಗೊತ್ತಿಲ್ಲದಾಗ ಮದ್ದೇ ಎಂದು ತಿಳಿಯಿರಿ. ಡ್ರಿಲ್ ಹಾಕುವುದು, ಕಾಯಿಸುವುದು, ಗಾಳಿ ಊದುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಗನ್‌ಸ್ಮಿತ್ ಅಥವಾ ಪೊಲೀಸ್ ಆರ್ಮರರ್ ಅದನ್ನು ತೆಗೆಯಬೇಕು.

ಲಿವರ್ ರೈಫಲ್ ಇದ್ದವರಿಗೆ ಒಂದು ಮಾತು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ಸಾಲಾಗಿ ಉಳಿದಿರಬಹುದು. ಆಟವಾಡಿದಂತೆ ಲಿವರ್ ಎಳೆದರೆ ಒಂದು ಚೇಂಬರಿಗೆ ಬಂದು ಕೂರುತ್ತದೆ. ಬಿಡಿ ಕಾಡತೂಸು ಸಿಕ್ಕರೆ ಹಿತ್ತಾಳೆ ಹೊಳೆಯಲಿ ಎಂದು ಉಜ್ಜಬೇಡಿ, ಅಂಚಿನಲ್ಲಿ ಮದ್ದಿದೆ.

ಪ್ರಶ್ನೆ: ಬೆಳಗಾವಿಯ ಮಳೆಗಾಲದಲ್ಲಿ ವರ್ಷವೂ ನಳಿಗೆಗೆ ಜಂಗು ಹಿಡಿಯುತ್ತದೆ. ಎಮೆರಿ ಕಾಗದ ಹಾಕಿ ತಿಕ್ಕಿ ಬೆಳ್ಳಗೆ ಮಾಡಿ ತೆಂಗಿನೆಣ್ಣೆ ಹಚ್ಚುತ್ತೇವೆ. ಮತ್ತೆ ಬರುತ್ತದೆ. — ಖಾನಾಪುರ

ಉತ್ತರ: ಬರುವುದೇ. ಎಮೆರಿ ಕಾಗದ ಜಂಗಿನ ಜೊತೆಗೆ ಹಳೆಯ ಕಂದು ಪದರನ್ನೂ, ಅಚ್ಚಿನ ಅಕ್ಷರಗಳನ್ನೂ ತಿನ್ನುತ್ತದೆ. ಬೆಳ್ಳಗಾದ ಕಬ್ಬಿಣ ಗಾಳಿಯ ತೇವ ಸಿಕ್ಕ ಕೂಡಲೇ ಮೊದಲಿಗಿಂತ ಬೇಗ ಕೆಂಪಾಗುತ್ತದೆ. ತೆಂಗಿನೆಣ್ಣೆ, ಶೇಂಗಾ ಎಣ್ಣೆ ಕೆಲವು ತಿಂಗಳಲ್ಲಿ ಹುಳಿಯಾಗಿ ಅಂಟಾಗಿ ಧೂಳು ಹಿಡಿದು, ಆ ಅಂಟಿನ ಕೆಳಗೇ ಜಂಗು ಬೆಳೆಯುತ್ತದೆ.

ಎರಡು ಬಗೆಯ ಜಂಗನ್ನು ಬೇರೆ ಮಾಡಿ ನೋಡಲು ಕಲಿಯಿರಿ. ಬಿಳಿ ಅರಿವೆಯಿಂದ ಒರೆಸಿದಾಗ ಕಿತ್ತಳೆ ಪುಡಿ ಬಂದರೆ ಅದು ಬೆಳೆಯುತ್ತಿರುವ ಜಂಗು, ಹೋಗಬೇಕು. ಗಟ್ಟಿಯಾಗಿ, ನುಣುಪಾಗಿ, ಕಪ್ಪು-ಕಂದಾಗಿ ಕೂತದ್ದು ಕಬ್ಬಿಣವನ್ನು ಕಾಯುವ ಪದರು, ಇರಬೇಕು.

ಖಾಲಿ ಎಂದು ಖಾತ್ರಿಯಾದ ಮೇಲೆ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಒಂದು ರಾತ್ರಿಯಲ್ಲಿ ಬೆರಳಚ್ಚು ಮೂಡಿಸುತ್ತದೆ. ಒಂದಿಂಚಿನ ಮೆತ್ತನೆಯ ಬಣ್ಣದ ಬ್ರಷ್‌ನಿಂದ ಧೂಳು ತೆಗೆದು, ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅದ್ದಿದ ಅರಿವೆಯಿಂದ ಹಳೆಯ ಎಣ್ಣೆಯ ಅಂಟು ಒರೆಸಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರಬಾರದು. ಜಂಗಿರುವ ಕಡೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಹಚ್ಚಿ ಒಂದು ದಿನ ಬಿಡಿ. ಮರುದಿನ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್‌ನ ಸಣ್ಣ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ, ಬೆರಳ ತುದಿಯ ಭಾರ ಮಾತ್ರ ಹಾಕಿ, ನಳಿಗೆಯ ಉದ್ದಕ್ಕೆ ತಿಕ್ಕಿ. ಎಣ್ಣೆ ಕೆಂಪಾದಂತೆ ಒರೆಸಿ ಹೊಸದು ಹಾಕಿ. ಕಿತ್ತಳೆ ಬಣ್ಣ ನಿಂತು ಅಡಿಯ ಕಂದು ಕಂಡ ಕೂಡಲೇ ನಿಲ್ಲಿಸಿ. ಕೆಲಸ ಹಾಳಾಗುವುದು ‘ಇನ್ನೂ ಸ್ವಲ್ಪ’ ಎನ್ನುವಲ್ಲಿಯೇ. ಅಕ್ಷರ, ನಂಬರ್ ಇರುವ ಕಡೆ ಸ್ಟೀಲ್ ವುಲ್ ಮುಟ್ಟಿಸಬೇಡಿ, ಎಣ್ಣೆ ಹಚ್ಚಿದ ಬಿದಿರು ಕಡ್ಡಿ ಸಾಕು.

ಕೊನೆಗೆ ಎಣ್ಣೆಯನ್ನೆಲ್ಲ ಟರ್ಪೆಂಟೈನ್‌ನಿಂದ ಒರೆಸಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಉಗುರಿನ ತುದಿಯಷ್ಟು ತೆಗೆದು ಹೊರಮೈಗೆ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಹತ್ತಿ ಅರಿವೆಯಿಂದ ಮೆರುಗು ಕೊಡಿ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದು ಇದೇ ಮೇಣ. ಕಾರಿನ ಪಾಲಿಶ್ ಬೇಡ, ಕೆಲವದರಲ್ಲಿ ತಿಕ್ಕುವ ಪುಡಿ ಇರುತ್ತದೆ. ನಳಿಗೆಯ ಒಳಗೆ ಮೇಣವಲ್ಲ, ಎಣ್ಣೆಯ ನಾಲ್ಕೈದು ಹನಿ ಹಾಕಿದ ಅರಿವೆ ಎಳೆದರೆ ಸಾಕು. ನಿಂಬೆ, ಹುಣಸೆ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಹತ್ತಿರ ತರಬೇಡಿ. ಸಂದಿಯೊಳಗೆ ಇಳಿದ ಆಸಿಡ್ ಹೊರಗೆ ಬರುವುದಿಲ್ಲ, ಒಳಗಿಂದ ತಿನ್ನುತ್ತಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದೂಕನ್ನು ಹೊರಗೋಡೆಗೆ ತೂಗುಹಾಕಬೇಡಿ. ಆ ಗೋಡೆ ನೀರು ಹೀರುತ್ತದೆ. ಚರ್ಮದ ಚೀಲ, ಉಣ್ಣೆಯ ಗವಸೂ ಬೇಡ, ಎರಡೂ ತೇವ ಹಿಡಿದಿಡುತ್ತವೆ. ಬೀಗ ಹಾಕುವ ಕಪಾಟಿನಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಅರಿವೆಯ ಚೀಲದಲ್ಲಿಟ್ಟು, ಬಣ್ಣ ಬದಲಾದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಿ. ಬಾಯಿ ಸ್ವಲ್ಪ ಕೆಳಗೆ ಇರುವಂತೆ ಒರಗಿಸಿದರೆ ಒಳಗಿನ ಎಣ್ಣೆ ಬಟ್‌ನ ಕಟ್ಟಿಗೆಗೆ ಇಳಿಯುವುದಿಲ್ಲ. ಎಣ್ಣೆ ಕುಡಿದ ಕಟ್ಟಿಗೆ ಮೆತ್ತಗಾಗಿ ಕುತ್ತಿಗೆಯಲ್ಲಿ ಮುರಿಯುತ್ತದೆ.

ಪ್ರಶ್ನೆ: ವಿಜಯಪುರದ ಬೇಸಿಗೆಗೆ ಬಂದೂಕಿನ ಕಟ್ಟಿಗೆ ಸೀಳಿದೆ. ಫೆವಿಕಾಲ್ ತುಂಬಬಹುದೇ? — ಇಂಡಿ

ಉತ್ತರ: ಬೇಡ. ಒಣಗಾಳಿಗೆ ಕುಗ್ಗಿದ ಕಟ್ಟಿಗೆ ಮಳೆಗಾಲದಲ್ಲಿ ಹಿಗ್ಗುತ್ತದೆ. ಸೀಳಿನಲ್ಲಿ ಗಟ್ಟಿ ಅಂಟು ತುಂಬಿದ್ದರೆ ಪಕ್ಕದಲ್ಲಿ ಹೊಸ ಸೀಳು ಬಿಡುತ್ತದೆ. ಕೂಲರ್ ಎದುರು, ಪತ್ರಾಸಿನ ಕೆಳಗೆ ಇಡದೆ ಮನೆಯ ನಡುವಿನ ಕೋಣೆಯಲ್ಲಿಡಿ. ಸೀಳಿಗೆ ಮೇಣ ಸಾಕು. ತುಂಡು ಕಳಚಿ ಬಂದಿದ್ದರೆ ಮಾತ್ರ, ಬಿಸಿ ನೀರು ತಾಗಿಸಿದರೆ ಮತ್ತೆ ಬಿಡಿಸಬಹುದಾದ ಸರೇಸಿನಿಂದ ಅಂಟಿಸಿ.

ಪ್ರಶ್ನೆ: ಖಂಡೆಪೂಜೆಗೆ ಬಂದೂಕು ಇಡುವ ಪದ್ಧತಿ ನಮ್ಮ ಮನೆತನದಲ್ಲಿದೆ. ಅರಿಷಿಣ-ಕುಂಕುಮ ಹಚ್ಚಿದರೆ ಹಾಳಾಗುತ್ತದೆ ಎಂದು ಮಗ ಬೇಡ ಎನ್ನುತ್ತಾನೆ. — ಸವದತ್ತಿ

ಉತ್ತರ: ಪೂಜೆ ಬಿಡಬೇಡಿ, ಹಚ್ಚುವ ಜಾಗ ಬದಲಿಸಿ. ಒದ್ದೆ ಕುಂಕುಮ, ನಿಂಬೆಹಣ್ಣಿನ ರಸ, ಹೂವಿನ ತೇವ, ಟೆಂಗಿನಕಾಯಿಯ ನೀರು ಇವೆಲ್ಲ ಕಬ್ಬಿಣಕ್ಕೆ ಕೆಟ್ಟವು. ಒಂದು ಹಲಗೆಯ ಮೇಲೆ ಹೊಸ ಖಣ ಹಾಸಿ ಬಂದೂಕು ಮಲಗಿಸಿ, ಗಂಧ-ಕುಂಕುಮ ಹಲಗೆಗೆ ಏರಿಸಿ. ಬಂದೂಕಿಗೇ ಹಚ್ಚಬೇಕೆಂಬ ಹಿರಿಯರಿದ್ದರೆ ವಾರ ಮೊದಲೇ ಮೇಣ ಹಚ್ಚಿಟ್ಟು, ಒಣ ಕುಂಕುಮದ ಒಂದು ಬೊಟ್ಟು ಮೇಣದ ಮೇಲೆ ಇಡಿ, ಅದೇ ಸಂಜೆ ಒರೆಸಿ. ಕಾಯಿ ಬೇರೆ ಕಡೆ ಒಡೆಯಿರಿ. ಗಾಳಿಯಲ್ಲಿ ಗುಂಡು ಹಾರಿಸುವ ಚಾಳಿ ಇದ್ದರೆ ಅದನ್ನು ಪೂರ್ತಿ ಬಿಡಿ. ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ.

ಪೂಜೆಯ ದಿನ ಮಕ್ಕಳು ಹ್ಯಾಮರ್ ಎಳೆದು ಟಕ್ ಎಂದು ಬಿಡುವುದನ್ನು ತಡೆಯಿರಿ. ರಿಮ್‌ಫೈರ್ ಬಂದೂಕಿನಲ್ಲಿ ಕಾಡತೂಸಿಲ್ಲದಾಗ ಪಿನ್ ನೇರ ಚೇಂಬರಿನ ಅಂಚಿಗೇ ಬಡಿದು ಅಲ್ಲಿ ತಗ್ಗು ಬೀಳುತ್ತದೆ.

ಪ್ರಶ್ನೆ: ನಮ್ಮ ಬಂದೂಕಿನ ನಳಿಗೆ ಬಾಯಿಂದ ತುಂಬುವ ಬಂದೂಕಿನಂತಿದೆ, ಆದರೆ ಹಿಂಬದಿಯಲ್ಲಿ ಬಲಕ್ಕೆ ತೆರೆಯುವ ಬಾಗಿಲಿದೆ. ಇದನ್ನೂ ಯಾರೋ ಬದಲಾಯಿಸಿದ್ದಾರೆಯೇ? — ಬದಾಮಿ

ಉತ್ತರ: ಹೌದು, ಆದರೆ ಬದಲಾಯಿಸಿದ್ದು ಕಾರ್ಖಾನೆ. ಅದು ಸ್ನೈಡರ್ ಇರಬೇಕು. 1853ರ ಮಾದರಿಯ ಎನ್‌ಫೀಲ್ಡ್‌ಗೆ ಹಿಂಬದಿಯ ಬಾಗಿಲು ಕೂಡಿಸಿ 1866ರಲ್ಲಿ ಬ್ರಿಟಿಷ್ ಸೈನ್ಯ ಬಳಕೆಗೆ ತಂದಿತು. ಕಾಡತೂಸು .577 ಅಳತೆಯ ಸೆಂಟರ್‌ಫೈರ್, ಕರ್ನಲ್ ಬಾಕ್ಸರ್ ರೂಪಿಸಿದ್ದು. ಬಾಗಿಲಿನೊಳಗೆ ಪಿನ್ ಓರೆಯಾಗಿ ಹಾಯ್ದು ನಡುವಿಗೆ ಬರುವುದನ್ನು ನೋಡಿ. ಲಾಕ್ ತಗಡಿನ ಮೇಲೆ ಕಿರೀಟ, ಇಸವಿ, ‘ಟವರ್’ ಅಥವಾ ‘ಎನ್‌ಫೀಲ್ಡ್’ ಎಂಬ ಅಚ್ಚು ಹುಡುಕಿ. ಅಕ್ಷರ ತಿರುವುಮುರುವಾಗಿದ್ದರೆ, ಕಾಗುಣಿತ ತಪ್ಪಿದ್ದರೆ ಅದು ಬೇರೆ ಕಡೆ ಕೈಯಿಂದ ಮಾಡಿದ ನಕಲು. ನಕಲನ್ನೂ ಹಾಗೆಯೇ ಉಳಿಸಿ, ಅದಕ್ಕೂ ಚರಿತ್ರೆಯಿದೆ.

ಏನೇ ಇದ್ದರೂ ಮೊದಲು ಫೋಟೊ ದಾಖಲೆ ಮಾಡಿ. ಬಿಳಿ ಹಾಸಿನ ಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ, ನಂಬರ್, ಎಲ್ಲ ಅಚ್ಚುಗಳನ್ನು ಓರೆ ಬೆಳಕಿನಲ್ಲಿ ತೆಗೆಯಿರಿ. ಮಾಸಿದ ಅಕ್ಷರ ನೇರ ಬೆಳಕಿಗಿಂತ ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ಹೊರಗಿನ ಖರೀದಿದಾರರು ಎಷ್ಟೇ ಬೆಲೆ ಹೇಳಲಿ. ಫೋಟೊಗಳ ಒಂದು ಪ್ರತಿ ಲೈಸೆನ್ಸ್ ಕಾಗದದ ಜೊತೆಗೆ, ಇನ್ನೊಂದು ಬೇರೆ ಮನೆಯಲ್ಲಿರಲಿ. ಬಂದೂಕು ಕಳವಾದರೆ ದೂರಿಗೆ ಮೊದಲು ಕೇಳುವುದು ನಂಬರನ್ನೇ.